ಮಾವನ ಕನ್ನಡಕ ಈಗ ಎಲ್ಲಿದೆ?

ಮನೆಯವರೆಲ್ಲ ಅವಳನ್ನು ಲೆಕ್ಕದಮ್ಮ ಎಂದೇ ಕರೆಯುತ್ತಿದ್ದರು. ಔಷಧಿ ಸಾಗಿಸುವ ಕಂಪನಿಯೊಂದರಲ್ಲಿ ಆರು ವರ್ಷ ಡೇಟಾ ಕೆಲಸ ಮಾಡಿದವಳು. ಯಾವ ಊರಿಗೆ ಯಾವ ತಿಂಗಳು ಎಷ್ಟು ಕೆಮ್ಮಿನ ಸಿರಪ್ಪು ಬೇಕಾಗುತ್ತದೆ ಎಂದು ಕುಳಿತಲ್ಲೇ ಹೇಳಬಲ್ಲವಳು. ಆ ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿದಾಗ ಇವಳ ಕುರ್ಚಿಯೂ ಜೊತೆಗೇ ಹೊಟ್ಟೆ ಸೇರಿತು. ಹೊಸ ಕೆಲಸಕ್ಕೆ ಅರ್ಜಿ ಹಾಕಿದಲ್ಲೆಲ್ಲ ಒಂದೇ ಪ್ರಶ್ನೆ: "ಮಾಡಿದ ಕೆಲಸ ತೋರಿಸುವ ನಿಮ್ಮ ಪೋರ್ಟ್‌ಫೋಲಿಯೋ ವೆಬ್‌ಸೈಟ್ ಎಲ್ಲಿ?"

ಸರಿ, ಕಟ್ಟಲು ಕುಳಿತಳು. ಮೊದಲ ವಾರ ಬಣ್ಣ ಆರಿಸುವುದರಲ್ಲೇ ಕಳೆಯಿತು. ತಿಳಿನೀಲಿ ಹಾಕಿದರೆ ಹಲ್ಲಿನ ಡಾಕ್ಟರ ಬೋರ್ಡಿನಂತೆ ಕಂಡಿತು, ಕಪ್ಪು ಹಾಕಿದರೆ ಸಾವಿನ ಸುದ್ದಿಯಂತೆ. ಎರಡನೇ ವಾರ, ತನ್ನ ಹೆಸರು ಎಡಗಡೆಯಿಂದ ತೇಲಿ ಬರಬೇಕೋ ಮೇಲಿಂದ ಇಳಿಯಬೇಕೋ ಎಂಬ ಚಿಂತೆ. ಕೊನೆಗೆ ಅಕ್ಷರಗಳು ನಾಲ್ಕೂ ದಿಕ್ಕಿನಿಂದ ಓಡಿ ಬಂದು ನಡುವೆ ಡಿಕ್ಕಿ ಹೊಡೆಯುವಂತೆ ಮಾಡಿ ಅಕ್ಕನಿಗೆ ತೋರಿಸಿದಳು.

ಅಕ್ಕ ಟೈಲರ್. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ನೋಡಿದಳು.

"ಅಂಗಡಿ ಬಾಗಿಲು ಜೋರಾಗಿದೆ ಕಣೇ. ಒಳಗೆ ಬಟ್ಟೆ ಎಲ್ಲಿ?"

ತೊಂದರೆ ಇದ್ದದ್ದೇ ಅಲ್ಲಿ. ಆರು ವರ್ಷದ ಕೆಲಸವೆಲ್ಲ ಕಂಪನಿಯ ಗುಟ್ಟು. ಒಂದು ಅಂಕಿಯನ್ನೂ ಹೊರಗೆ ತೋರಿಸುವಂತಿರಲಿಲ್ಲ. 'ನನ್ನ ಕೆಲಸಗಳು' ಎಂಬ ಪುಟ ಬೋಳುತಲೆಯಂತೆ ಮಿರಮಿರ ಮಿಂಚುತ್ತಿತ್ತು.

ಅಷ್ಟರಲ್ಲಿ ನಡುಮನೆಯಿಂದ ಗುಡುಗು ಕೇಳಿಸಿತು. "ನನ್ನ ಕನ್ನಡಕ ಯಾರು ತಗೊಂಡ್ರಿ?"

ಅದು ಮಾವ, ಅಮ್ಮನ ತಮ್ಮ. ನಿವೃತ್ತ ಡ್ರಿಲ್ ಮೇಷ್ಟ್ರು. ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವರಿಗೆ ಒಂದು ಕನ್ನಡಕವನ್ನು ಇದ್ದಲ್ಲಿ ಇರಿಸಿಕೊಳ್ಳಲು ಆಗುತ್ತಿರಲಿಲ್ಲ. ಆಗಲೂ ಅದು ಅವರ ತಲೆಯ ಮೇಲೇ ಇತ್ತು.

ಲೆಕ್ಕದಮ್ಮ ಥಟ್ಟನೆ ನೆಟ್ಟಗೆ ಕುಳಿತಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ತನ್ನ ಕಥೆ!

ಅಂದಿನಿಂದ ಬರೆಯತೊಡಗಿದಳು: ಕಳೆದ ಹೊತ್ತು, ಸಿಕ್ಕ ಜಾಗ, ಬೈಸಿಕೊಂಡವರು ಯಾರು. ಎರಡು ತಿಂಗಳಲ್ಲಿ ತೊಂಬತ್ನಾಲ್ಕು ಸಲ ಕನ್ನಡಕ ಕಳೆಯಿತು. ಮೂವತ್ತೆಂಟು ಸಲ ಮಾವನ ತಲೆಯ ಮೇಲೇ ಸಿಕ್ಕಿತು. ಅರವತ್ತೊಂದು ಸಲ ತಪ್ಪು ಅಮ್ಮನದು, ಒಂಬತ್ತು ಸಲ ಬೆಕ್ಕಿನದು, ಉಳಿದದ್ದು ಅಕ್ಕತಂಗಿಯರದು. ಮಾವನದು ಸೊನ್ನೆ.

ಡಿಕ್ಕಿ ಹೊಡೆಯುವ ಅಕ್ಷರಗಳನ್ನೆಲ್ಲ ಕಿತ್ತೆಸೆದಳು. ಬಿಳಿ ಹಿನ್ನೆಲೆ, ಮೇಲೆ ಒಂದೇ ಪ್ರಶ್ನೆ: 'ಮಾವನ ಕನ್ನಡಕ ಈಗ ಎಲ್ಲಿದೆ?' ವಾರ, ಹೊತ್ತು ಒತ್ತಿದರೆ ಸೈಟೇ ಜಾಗ ಊಹಿಸಿ ಹೇಳುತ್ತಿತ್ತು. ಕೆಳಗೆ ಚಿಕ್ಕದಾಗಿ ಬರೆದಳು: 'ಗುರುವಾರ ಸಂಜೆ ಮಾತ್ರ ಕನ್ನಡಕ ಫ್ರಿಜ್ಜಿನಲ್ಲಿ ಸಿಗುತ್ತದೆ. ಕಾರಣ ಗೊತ್ತಿಲ್ಲ.' ಮಾವನ ಒಪ್ಪಿಗೆಯನ್ನೂ ಕೇಳಿದಳು. ಅವರು ಇದೇನೋ ಸನ್ಮಾನ ಎಂದುಕೊಂಡು, ಓದದೆಯೇ ತಲೆಯಾಡಿಸಿಬಿಟ್ಟರು. ಓದಲು ಕನ್ನಡಕ ಸಿಕ್ಕಿರಲಿಲ್ಲ.

ಹತ್ತು ದಿನಕ್ಕೆ ಸಂದರ್ಶನಕ್ಕೆ ಕರೆ ಬಂತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಳು. ಪರದೆಯಲ್ಲಿ ಗಂಟುಮುಖದ ಒಬ್ಬ ಮೇಡಂ.

"ಗುರುವಾರ ಯಾಕೆ ಫ್ರಿಜ್ಜು?"

"ಗೊತ್ತಿಲ್ಲ ಮೇಡಂ. ಊಹೆ ಹೇಳಬಹುದು, ಆದ್ರೆ ಊಹೇನ ಕಾರಣ ಅನ್ನಬಾರದಲ್ಲ."

"ಮಾವನ್ನೇ ಕೇಳ್ಲಿಲ್ವಾ?"

ಲೆಕ್ಕದಮ್ಮ ನಾಲಿಗೆ ಕಚ್ಚಿಕೊಂಡಳು. ತೊಂಬತ್ನಾಲ್ಕು ಸಲ ಬರೆದಿದ್ದಳು, ಒಂದು ಸಲವೂ ಕೇಳಿರಲಿಲ್ಲ.

"ಕರೀರಿ, ಈಗ್ಲೇ ಕೇಳೋಣ."

ಮಾವ ತಲೆ ಬಾಚಿಕೊಂಡು ಎದೆ ಸೆಟೆಸಿ ಬಂದರು. ಪ್ರಶ್ನೆ ಕೇಳಿದ್ದೇ ತಡ, ಸೆಟೆದ ಎದೆ ಇಳಿಯಿತು.

"ಅದೂ... ಗುರುವಾರ ನಮ್ಮಕ್ಕ, ಅಂದ್ರೆ ಇವಳಮ್ಮ, ಹಾಡಿನ ಕ್ಲಾಸಿಗೆ ಹೋಗ್ತಾಳೆ."

"ಹೋದ್ರೆ?" ಎಂದರು ಮೇಡಂ.

"ಅಡುಗೆಮನೇಲಿ ಯಾರೂ ಇರಲ್ಲ."

"ಇಲ್ದಿದ್ರೆ?"

ಮಾವ ದನಿ ತಗ್ಗಿಸಿದರು. "ಕೇಕ್ ಇರುತ್ತೆ. ಸೊಪ್ಪಿನ ಹಿಂದೆ ಬಚ್ಚಿಟ್ಟಿರ್ತೀನಿ. ಬಗ್ಗಿ ತೆಗೆಯೋವಾಗ ಕನ್ನಡಕ ಜಾರುತ್ತೆ ಅಂತ ಅಲ್ಲೇ ಪಕ್ಕಕ್ಕಿಡ್ತೀನಿ..."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು. "ಲೋ! ಸಿಹಿ ಮುಟ್ಟಬೇಡ ಅಂತ ಡಾಕ್ಟರು ಹೇಳಿ ವರ್ಷ ಆಯ್ತಲ್ಲೋ!"

ಮಾವ ಹಿತ್ತಿಲ ಕಡೆ ಕಾಲಿಗೆ ಬುದ್ಧಿ ಹೇಳಿದರು. ಹಿಂದೆಯೇ ಅಮ್ಮ, ಅಮ್ಮನ ಹಿಂದೆ ಬೆಕ್ಕು. ಲೆಕ್ಕದಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನೋಡಿದರೆ ಪರದೆಯಲ್ಲಿ ಮೇಡಂ ಇಲ್ಲ, ಬರೀ ನಗು ಕೇಳಿಸುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಮೇಜಿನ ಕೆಳಗೆ ಬಾಗಿಬಿಟ್ಟಿದ್ದರು.

ಕಣ್ಣೊರೆಸಿಕೊಂಡು ಮೇಲೆದ್ದು ಹೇಳಿದರು: "ಬೆಳಿಗ್ಗೆಯಿಂದ ಏಳು ಜನರ ಸೈಟು ನೋಡ್ದೆ. ಎಲ್ಲರಿಗೂ ಎಲ್ಲಾ ಗೊತ್ತು. 'ಗೊತ್ತಿಲ್ಲ' ಅಂತ ಬರೆದೋರು ನೀವೊಬ್ರೇ. ಆದ್ರೆ ಇನ್ಮೇಲೆ ಮನುಷ್ಯರನ್ನೂ ಒಂದು ಮಾತು ಕೇಳಿ."

ನಾಲ್ಕನೇ ದಿನ ಕೆಲಸ ಸಿಕ್ಕ ಪತ್ರ ಬಂತು. ಅಕ್ಕ ಹೊಸ ಕೋಟು ಹೊಲಿದುಕೊಟ್ಟಳು. ಮಾವ ವಾರವಿಡೀ ಮಾತು ಬಿಟ್ಟರು. ಮನೆಹಾಳು ವೆಬ್‌ಸೈಟು ಎಂದು ಬೆಕ್ಕಿನ ಹತ್ತಿರ ಮಾತ್ರ ದೂರಿಕೊಂಡರು. ಗುರುವಾರ ಅವರನ್ನು ಮನೆಯಲ್ಲಿ ಬಿಡುವ ಧೈರ್ಯ ಅಮ್ಮನಿಗಿಲ್ಲ; ಹಾಡಿನ ಕ್ಲಾಸಿಗೆ ತನ್ನ ಜೊತೆಗೇ ಎಳೆದುಕೊಂಡು ಹೋಗುತ್ತಾಳೆ. ಅಲ್ಲಿ ಟೀಚರು ಮಾವನ ಹಾಡನ್ನು ಎರಡೇ ಪಾಠ ಸಹಿಸಿಕೊಂಡರು. ಮೂರನೆಯದರಿಂದ ಮಾವನ ಕೆಲಸ, ಬಾಗಿಲ ಬಳಿ ನಿಂತು ಬಂದವರ ಚಪ್ಪಲಿಗಳನ್ನು ಸಾಲಾಗಿ ಇರಿಸುವುದು. ಒಂದೂ ವಕ್ರವಿಲ್ಲವಂತೆ.