ತೊಟ್ಟಿಯ ಐದನೆಯ ಮೀನು

ಐದನೆಯ ಮೀನು ದೋಣಿಗೆ ಬಂದಾಗ ಡ್ವೈಟ್ ಟ್ರಾಂಬ್ಲಿ ಕೂಗಲಿಲ್ಲ, ಕುಣಿಯಲಿಲ್ಲ. ಬಲೆಯಲ್ಲಿ ಮಲಗಿದ್ದ ಅದನ್ನೇ ನೋಡುತ್ತ ಮಂಡಿಯೂರಿ ಕೂತುಬಿಟ್ಟ. ಕಂಚಿನ ಬಣ್ಣದ ಬಾಸ್ ಮೀನು, ಮೈತುಂಬ ಮಾಸಲು ಪಟ್ಟೆ, ಹೊಟ್ಟೆ ಮಾತ್ರ ಗಾಳಿ ಹೊಡೆದ ಚೆಂಡಿನ ಹಾಗೆ ಉಬ್ಬಿತ್ತು. ಒಂಟಾರಿಯೊ ಸರೋವರದ ತಳದಿಂದ, ನಲವತ್ತು ಅಡಿಗೂ ಕೆಳಗಿನ ತಣ್ಣೀರಿನಿಂದ ಎಳೆದು ತಂದದ್ದು. ಗಾಳ ಹಿಡಿದಾಗಿನಿಂದ ಅವನಿಗೆ ಇಷ್ಟು ದೊಡ್ಡದು ಸಿಕ್ಕಿರಲಿಲ್ಲ.

"ಏಳು ಪೌಂಡಿಗೆ ಕಮ್ಮಿ ಇಲ್ಲ ಕಣಕ್ಕಾ," ಅಂದ ಮೆಲ್ಲಗೆ, ಜೋರಾಗಿ ಹೇಳಿದರೆ ಮೀನಿಗೆ ಕೇಳಿಸೀತು ಎನ್ನುವ ಹಾಗೆ.

ಅಕ್ಕ ಲೊರೇನ್ ಅದರ ಉದ್ದ ನೋಡಲಿಲ್ಲ, ಬಾಯಿ ನೋಡಿದಳು. ಗಂಟಲಿನಿಂದ ನಸುಗೆಂಪು ಮಾಂಸದ ಗುಳ್ಳೆಯೊಂದು ಮೇಲೆದ್ದು ನಾಲಗೆಯ ಮೇಲೆ ಕೂತಿತ್ತು.

"ಕೊಡು ಇಲ್ಲಿ. ಗಾಳೀಲಿ ಇಟ್ಕೊಂಡು ಮುದ್ದು ಮಾಡ್ಬೇಡ."

ದೋಣಿಯೊಳಗಿನ ನೀರಿನ ತೊಟ್ಟಿಗೆ ಬಿಟ್ಟೊಡನೆ ಮೀನು ಮಗುಚಿಕೊಂಡಿತು. ಬಿಳಿ ಹೊಟ್ಟೆ ಮೇಲೆ, ಬೆನ್ನು ಕೆಳಗೆ.

ಆಳದ ಮೀನಿನ ಪಾಡೇ ಹೀಗೆ. ತಳದಲ್ಲಿ ಮೇಲಿನ ನೀರೆಲ್ಲ ಅದರ ಮೈಯನ್ನು ಅದುಮಿಕೊಂಡಿರುತ್ತದೆ. ಸರ್ರನೆ ಎಳೆದು ತಂದರೆ ಆ ಒತ್ತಡ ಬಿಟ್ಟು, ಒಳಗಿನ ಗಾಳಿಚೀಲ ಹಿಗ್ಗಿ ಕರುಳನ್ನೂ ಗುಂಡಿಗೆಯನ್ನೂ ಒತ್ತುತ್ತದೆ. ಮತ್ತೆ ಕೆಳಗಿಳಿಯಲು ಆಗದೆ ಮೀನು ತೇಲುತ್ತಲೇ ಸಾಯುತ್ತದೆ. ಗಾಳದ ಪಂದ್ಯದಲ್ಲಿ ಜೋಡಿಯೊಂದರ ಐದು ಮೀನಿನ ಒಟ್ಟು ತೂಕವೇ ಲೆಕ್ಕ, ತೂಕಕ್ಕಿಡುವಾಗ ಅವಕ್ಕೆ ಜೀವ ಇದ್ದರೆ ಸಾಕು. ತೂಗಿ, ಫೋಟೊ ತೆಗೆದು, ನೀರಿಗೆ ಬಿಟ್ಟಮೇಲೆ ಅದೇನಾಯಿತು ಎಂದು ಯಾರೂ ಹಿಂದಿರುಗಿ ನೋಡುವುದಿಲ್ಲ.

ಲೊರೇನ್ ನೋಡಿದ್ದಳು. ಅವಳು ಶಾಲೆಯ ಬಸ್ಸು ಓಡಿಸುವವಳು, ಮನೆ ಹೆಂಡರ್ಸನ್ ಬಂದರಿನ ಆಚೆ ದಂಡೆಯಲ್ಲೇ ಇತ್ತು. ಹೋದ ವರ್ಷ ಪಂದ್ಯ ಮುಗಿದ ಮೇಲೆ ಒಂದು ವಾರ ಅವಳ ಮನೆ ಮುಂದಿನ ಕಲ್ಲುಗಳ ಸಂದಿಗೆ ಸತ್ತ ಬಾಸುಗಳು ಬಂದು ಬಡಿಯುತ್ತಿದ್ದವು. ಎಲೆ ಗುಡಿಸುವ ಕುಂಟೆಯಿಂದ ಬಳಿದು ಬಳಿದು ಹೂತಿದ್ದಳು. ಅದರಲ್ಲಿ ತಮ್ಮನಿಗೆ ಎರಡನೇ ಬಹುಮಾನ ತಂದ ಮೀನೂ ಇದ್ದಿರಬಹುದು ಎಂದು ಅವನ ಮುಖಕ್ಕೇ ಹೇಳಿದ್ದಳು.

ಈ ವರ್ಷ ಡ್ವೈಟನ ಜೊತೆಗಾರ ಭುಜದ ಆಪರೇಷನ್ ಮಾಡಿಸಿಕೊಂಡು ಮಲಗಿದ. ಜೋಡಿ ಇಲ್ಲದೆ ಪಂದ್ಯವಿಲ್ಲ. ಅವನು ಅಕ್ಕನ ಅಡಿಗೆಮನೆಯಲ್ಲಿ ಬಂದು ಕೂತ.

"ಬರ್ತೀನಿ," ಅಂದಿದ್ದಳು ಲೊರೇನ್. "ಗಾಳ ನಿಂದು, ತೊಟ್ಟಿ ನಂದು. ತೊಟ್ಟೀಲಿರೋ ಮೀನಿನ ವಿಷಯಕ್ಕೆ ನಾನು ಹೇಳಿದ್ದೇ ಕೊನೆ."

"ತೊಟ್ಟೀಲಿ ನೀನೇ ಇಳಿದು ಈಜಿದ್ರೂ ನನ್ನದೇನೂ ಅಡ್ಡಿ ಇಲ್ಲ ತಾಯಿ," ಎಂದು ಅವನು ನಕ್ಕಿದ್ದ.

ಈಗ ಅವನು ನಗುತ್ತಿರಲಿಲ್ಲ. ಗಾಳಿ ಪಡುವಣಕ್ಕೆ ತಿರುಗಿತ್ತು. ಗ್ಯಾಲೂ ದ್ವೀಪದ ಆಚೆಯಿಂದ ಅಲೆಗಳು ಸಾಲುಗಟ್ಟಿ ಬರತೊಡಗಿದ್ದವು, ಒಂದೊಂದರ ನೆತ್ತಿಯಲ್ಲೂ ಬಿಳಿ ನೊರೆ. ಮಧ್ಯಾಹ್ನ ಮೂರು ಗಂಟೆಯೊಳಗೆ ಬಂದರು ಸೇರಬೇಕು. ತಡವಾದರೆ ತೂಕದಲ್ಲಿ ನಿಮಿಷಕ್ಕೊಂದು ಪೌಂಡು ಕಡಿತ.

"ಹೊರಡೋಣ ಅಕ್ಕಾ. ಅಲೆ ಇನ್ನೂ ಏಳುತ್ತೆ."

"ಇದನ್ನ ಹೀಗೇ ಕುಲುಕಿಸ್ಕೊಂಡು ಹೋದ್ರೆ ದಾರೀಲೇ ಸಾಯುತ್ತೆ. ದೋಣೀನ ಅಲೆಗೆ ಮುಖ ಮಾಡಿ ಹಿಡಿ. ಅಲ್ಲಾಡಿಸ್ಬೇಡ."

ಅವಳು ಸೂಜಿ ತೆಗೆದಳು. ಚಳಿಗಾಲದಲ್ಲಿ ಮೀನುಗಾರಿಕೆ ಇಲಾಖೆಯ ಹೆಂಗಸೊಬ್ಬಳು ಊರಿಗೆ ಬಂದು, ಟೊಳ್ಳು ಸೂಜಿ ಚುಚ್ಚಿ ಗಾಳಿಚೀಲದ ಗಾಳಿ ಬಿಡುವ ಈ ಕೆಲಸ ಕಲಿಸಿದ್ದಳು. ಬೆಳಿಗ್ಗೆಯಿಂದ ಲೊರೇನ್ ಎರಡು ಮೀನಿಗೆ ಮಾಡಿದ್ದಳು, ಎರಡೂ ತೊಟ್ಟಿಯ ತಳದಲ್ಲಿ ನೆಟ್ಟಗೆ ನಿಂತಿದ್ದವು. ಆದರೆ ಆಗ ನೀರು ಕನ್ನಡಿಯ ಹಾಗಿತ್ತು. ಈಗ ಕಾಲ ಕೆಳಗಿನ ಹಲಗೆಯೇ ಏರಿ ಇಳಿಯುತ್ತಿತ್ತು. ಒಂದು ಬೆರಳಗಲ ಆಚೀಚೆಯಾದರೆ ಸೂಜಿ ಪಿತ್ತಕೋಶಕ್ಕೆ ಹೋಗುತ್ತದೆ.

ಮೀನನ್ನು ನೀರಿನೊಳಗೇ ಪಕ್ಕಕ್ಕೆ ಮಲಗಿಸಿ, ಬೆನ್ನಿನ ರೆಕ್ಕೆಯ ತಗ್ಗಿನಿಂದ ಕೆಳಕ್ಕೆ ಬೆರಳಲ್ಲಿ ಗೆರೆ ಎಳೆದಳು. ಎದೆಯ ರೆಕ್ಕೆಯ ತುದಿಯ ಹತ್ತಿರ ಬೆರಳು ನಿಲ್ಲಿಸಿ, ಒಂದು ಹುರುಪೆಯನ್ನು ಉಗುರಿನಿಂದ ಎತ್ತಿ ಸೂಜಿ ಇಟ್ಟಳು. ಅಲೆ ಬಂತು. ಕಾದಳು. ಅಲೆ ಇಳಿಯಿತು. ಒತ್ತಿದಳು.

ಏನೂ ಬರಲಿಲ್ಲ.

"ಬರ್ತಿದೆಯಾ?" ಡ್ವೈಟ್ ಚುಕ್ಕಾಣಿಯಿಂದಲೇ ಕೇಳಿದ.

"ಸುಮ್ನಿರು."

ಸ್ವಲ್ಪ ಓರೆ ಮಾಡಿ ಇನ್ನೊಂದು ಕೂದಲೆಳೆಯಷ್ಟು ಒಳಗೆ ಬಿಟ್ಟಳು. ಮೊದಲು ಎಳೆಯಷ್ಟು ರಕ್ತ ಬಂತು. ಆಮೇಲೆ ಗುಳ್ಳೆಗಳು ಬಂದವು, ಸಾಸಿವೆ ಕಾಳಿನಂಥವು, ಒಂದರ ಹಿಂದೊಂದು. ಮೀನಿನ ಹೊಟ್ಟೆ ಅವಳ ಅಂಗೈಯಲ್ಲೇ ಮೆತ್ತಗಾಯಿತು. ಸೂಜಿ ಕಿತ್ತು ಕೈ ಬಿಟ್ಟಾಗ ಮೀನು ತೂರಾಡಿ, ನೇರವಾಗಿ, ತಳಕ್ಕಿಳಿಯಿತು.

"ನಿಂತ್ಕೊಂತು," ಅಂದಳು. ಡ್ವೈಟ್ ಕಣ್ಣು ಮುಚ್ಚಿ ತೆರೆದ. ಆಮೇಲೆ ಎಂಜಿನ್ನಿಗೆ ಜೀವ ಕೊಟ್ಟ.

ಅರ್ಧ ದಾರಿಯೂ ಆಗಿರಲಿಲ್ಲ. ದೋಣಿ ಅಲೆಯ ಮೇಲಿಂದ ಹಾರಿ ಹಾರಿ ಬೀಳುತ್ತಿತ್ತು. ಒಂದೊಂದು ಏಟಿಗೂ ಲೊರೇನಳ ಹಲ್ಲು ಕಟಕಟ ಎನ್ನುತ್ತಿದ್ದವು. ತೊಟ್ಟಿಯ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದ ಅವಳಿಗೆ, ಸರೋವರದ ನೀರನ್ನು ತೊಟ್ಟಿಗೆ ಎಳೆಯುವ ಪಂಪಿನ ನಡುಕ ತಿಳಿಯುತ್ತಿತ್ತು. ಆ ನಡುಕ ಇದ್ದಕ್ಕಿದ್ದಂತೆ ಬದಲಾಯಿತು. ನೀರು ತಳ್ಳುವ ಗುಡುಗುಡು ಹೋಗಿ ಬರೀ ಗಾಳಿಯ ಕಿರಗುಟ್ಟು. ಮುಚ್ಚಳ ತೆಗೆದು ನೋಡಿದರೆ ಕೊಳವೆಯಲ್ಲಿ ಹನಿ ನೀರಿಲ್ಲ. ಮೀನುಗಳ ಕಿವಿರು ಪಟಪಟ ಬಡಿಯುತ್ತಿದ್ದವು. ದೊಡ್ಡದು ಮತ್ತೆ ಪಕ್ಕಕ್ಕೆ ವಾಲಿತ್ತು.

"ಪಂಪು ಗಾಳಿ ಕುಡಿದಿದೆ. ನಿಲ್ಲಿಸು."

"ಇಲ್ಲಿ ನಿಲ್ಲಿಸಿದ್ರೆ ಅಡ್ಡ ತಿರುಗ್ತೀವಿ. ಇನ್ನರ್ಧ ಗಂಟೆ ಕಣೇ. ತಡ್ಕೊಳ್ಳತ್ತೆ."

"ಅರ್ಧ ಗಂಟೆ ನಿನ್ನ ಮೂಗು ಮುಚ್ಚಿ ಹಿಡೀಲಾ? ತಡ್ಕೋತೀಯಾ ನೋಡೋಣ. ನಿಲ್ಲಿಸಿ ಹಿಂದಕ್ಕೆ ಓಡ್ಸು. ಹಿಂದೆ ಹೋದ್ರೆ ನೀರು ತಾನಾಗಿ ಪಂಪಿಗೆ ನುಗ್ಗತ್ತೆ."

"ಈ ಅಲೇಲಿ ಹಿಂದಕ್ಕಾ? ತಲೆ ಕೆಟ್ಟಿದೆಯಾ ನಿಂಗೆ?"

ಅವಳು ಮಾತಾಡದೆ ಕೈ ಚಾಚಿ ವೇಗದ ಹಿಡಿಯನ್ನು ತಾನೇ ಕೆಳಕ್ಕೆಳೆದಳು. ದೋಣಿ ಮುಗ್ಗರಿಸಿತು. ಡ್ವೈಟ್ ಬೈಯುತ್ತಲೇ ಹಿಂದಕ್ಕೆ ಹಾಕಿದ. ಒಂದು ಅಲೆ ಹಿಂಭಾಗದಿಂದ ಹತ್ತಿ ಅವರಿಬ್ಬರ ಮೊಣಕಾಲು ತೋಯಿಸಿತು. ಎರಡನೆಯದು ಗಾಳದ ಪೆಟ್ಟಿಗೆಯನ್ನು ಎತ್ತಿ ಸರೋವರಕ್ಕೆ ಎಸೆಯಿತು. ಮೂರನೆಯದು ಬರುವಷ್ಟರಲ್ಲಿ ಪಂಪು ಕೆಮ್ಮಿ, ಉಗುಳಿ, ನೀರು ಎಳೆಯಿತು.

"ಸಾಕು, ಮುಂದಕ್ಕೆ. ನಿಧಾನ."

ದೋಣಿಯ ಮೂತಿ ಮತ್ತೆ ಗಾಳಿಗೆ ತಿರುಗಿತು. ಲೊರೇನ್ ಐಸಿನ ಬಾಟಲಿಯೊಂದನ್ನು ತೊಟ್ಟಿಗಿಳಿಸಿದಳು. ನಾಲ್ಕು ಮೀನು ಚೇತರಿಸಿಕೊಂಡವು. ಐದನೆಯದರ ಕೆಳರೆಕ್ಕೆಗೆ ಭಾರ ಕಟ್ಟಿದ ಚಿಮಟಿಗೆ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿ ನೋಡಿದಳು. ಅದು ಚಿಮಟಿಗೆಯ ಸಮೇತ ವಾಲಿತು. ಕಣ್ಣು ಮಾತ್ರ ಇನ್ನೂ ಅತ್ತಿತ್ತ ಹೊರಳುತ್ತಿತ್ತು.

"ಡ್ವೈಟ್, ಇದನ್ನ ವಾಪಸ್ ತಳಕ್ಕೆ ಕಳಿಸ್ತೀನಿ."

ಅವನು ಹಿಂತಿರುಗಿ ತೊಟ್ಟಿಯೊಳಗೆ ನೋಡಿದ.

"ಉಸಿರಾಡ್ತಿದೆಯಲ್ಲ."

"ಈಗ ಆಡ್ತಿದೆ. ತೂಕದ ಕಟ್ಟೆವರೆಗೂ ಆಡಬಹುದು. ಆಮೇಲೆ ನಮ್ಮನೆ ಮುಂದಕ್ಕೆ ಬರತ್ತೆ."

"ಕಟ್ಟೆವರೆಗೆ ಆಡಿದ್ರೆ ಸಾಕಕ್ಕಾ. ನಾಲ್ಕು ಸಲ ಎರಡನೇ ಸ್ಥಾನ ಬಂದಿದೆ ನಂಗೆ. ಈ ಬಂದರಿನಲ್ಲಿ ಎಲ್ರೂ ನನ್ನ 'ಎರಡು' ಅಂತ್ಲೇ ಕರೀತಾರೆ, ಗೊತ್ತಾ ನಿಂಗೆ?"

"ಗೊತ್ತು."

"ಗೊತ್ತಿದ್ದೂ ಬಿಡ್ತೀಯಾ."

ಅವಳು ಎರಡೂ ಕೈ ಹಾಕಿ ಮೀನನ್ನು ಎತ್ತಿದಳು. ಅವನು ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದೇ ಇನ್ನೊಂದರಿಂದ ಅವಳ ಮಣಿಕಟ್ಟು ಹಿಡಿದ. ಬಿಗಿಯಾದ ಹಿಡಿತ, ನೋಯುವಂಥದ್ದು. ಮೀನು ಇಬ್ಬರ ನಡುವೆ ಬಾಯಿ ತೆರೆದು ಮುಚ್ಚುತ್ತಿತ್ತು. ಚಿಕ್ಕವರಿದ್ದಾಗ ಬಿಟ್ಟರೆ ಅವನು ಅವಳ ಮೇಲೆ ಕೈ ಮಾಡಿರಲಿಲ್ಲ. ಲೊರೇನಳಿಗೆ ಹೆದರಿಕೆಯಾಯಿತು, ಏಟಿಗಲ್ಲ. ಈಗ ಅವನು ಬೇಡ ಅಂದರೆ ತಾನು ಮೀನನ್ನು ತಿರುಗಿ ತೊಟ್ಟಿಗೇ ಹಾಕಿಬಿಡುತ್ತೇನೋ ಎಂದು.

"ಗಾಳ ನಿಂದು, ತೊಟ್ಟಿ ನಂದು ಅಂದಿದ್ವಿ," ಅಂದಳು. "ಒಪ್ಕೊಂಡಿದ್ದೆ ನೀನು. ಈಗ ಇಲ್ಲ ಅನ್ನೋದಾದ್ರೆ ಅನ್ನು, ಬೇಗ ಅನ್ನು. ಇದಕ್ಕೆ ಹೊತ್ತಿಲ್ಲ."

ಅವನ ಹಿಡಿತ ಸಡಿಲವಾಯಿತು. ಮುಖ ಆಚೆ ತಿರುಗಿಸಿ ದೋಣಿಯನ್ನು ಗಾಳಿಗೆ ನೆಟ್ಟಗೆ ನಿಲ್ಲಿಸಿ ಹಿಡಿದ, ಅವಳು ಕೆಲಸ ಮಾಡುವಷ್ಟು ಹೊತ್ತೂ.

ದಪ್ಪ ಸೀಸದ ಗುಂಡಿಗೆ ಕಟ್ಟಿದ ಮೊಂಡು ಕೊಕ್ಕೆಯನ್ನು ಮೀನಿನ ಕೆಳದವಡೆಗೆ ಸಿಕ್ಕಿಸಿ, ಚಿಮಟಿಗೆ ತೆಗೆದು, ಹಗ್ಗವನ್ನು ಬಿಡುತ್ತ ಹೋದಳು. ಕಂಚಿನ ಬಣ್ಣ ಹಸಿರಾಯಿತು, ಹಸಿರು ಕಪ್ಪಾಯಿತು. ಹಗ್ಗ ಅವಳ ಬೆರಳ ಸಂದಿಯಲ್ಲಿ ಜಾರುತ್ತಿತ್ತು. ಮೂವತ್ತು ಅಡಿ ಇಳಿದಿರಬೇಕು, ಇದ್ದಕ್ಕಿದ್ದಂತೆ ಹಗ್ಗ ಎರಡು ಸಲ ಜಗ್ಗಿತು. ಅವಳು ಒಮ್ಮೆ ಮೇಲಕ್ಕೆ ಝಾಡಿಸಿದಳು. ಹಗ್ಗ ಹಗುರವಾಯಿತು. ಎಳೆದುಕೊಂಡಾಗ ಬರೀ ಗುಂಡು, ಬರೀ ಕೊಕ್ಕೆ.

ಅದು ಬದುಕಿತೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಸುತ್ತ ನೀರಿನ ಮೇಲೆ ಕಣ್ಣಾಡಿಸಿದಳು. ಬಿಳಿಯದೆಲ್ಲ ನೊರೆಯೇ ಆಗಿತ್ತು.

ಹೊತ್ತಿಗೆ ಸರಿಯಾಗಿ ಬಂದರು ಸೇರಿದರು. ತೂಕದ ಕಟ್ಟೆಯಲ್ಲಿ ಜನ ಕಿಕ್ಕಿರಿದಿದ್ದರು, ಸಾಸೇಜು ಸುಡುವ ವಾಸನೆ, ಮೈಕಿನ ಗಲಾಟೆ. ನಾಲ್ಕು ಮೀನಿನ ಚೀಲವನ್ನು ಡ್ವೈಟ್ ತಕ್ಕಡಿಗೆ ಸುರಿದ. ನಾಲ್ಕೂ ಒದ್ದಾಡಿದವು, ನೀರು ಚಿಮ್ಮಿಸಿದವು.

"ಏನು ಟ್ರಾಂಬ್ಲಿ, ನಾಲ್ಕೇ?" ಮೈಕ್ ಹಿಡಿದವನು ಕಣ್ಣು ಮಿಟುಕಿಸಿದ. "ಐದನೇದನ್ನ ಊಟಕ್ಕೆ ಹುರ್ಕೊಂಡ್ಯಾ?"

ಜನ ನಕ್ಕರು. ಲೊರೇನ್ ತಮ್ಮನ ಕಡೆ ನೋಡಿದಳು. ಹೇಳು, ಎಂದುಕೊಂಡಳು ಮನಸ್ಸಿನಲ್ಲೇ.

"ಸಿಗಲಿಲ್ಲ," ಅಂದ ಡ್ವೈಟ್.

ಅವರು ಏಳನೆಯವರಾದರು. ಗೆದ್ದವರ ಐದರಲ್ಲಿ ಒಂದು ಕಿವಿರಾಡಿಸುವುದನ್ನು ಆಗಲೇ ನಿಲ್ಲಿಸಿದ್ದರಿಂದ ದಂಡ ಹಾಕಿದರು, ಆದರೂ ಗೆದ್ದರು. ತಮ್ಮ ನಾಲ್ಕನ್ನು ಲೊರೇನ್ ತಾನೇ ಕಟ್ಟೆಯ ತುದಿಗೆ ಒಯ್ದು ಒಂದೊಂದಾಗಿ ಬಿಟ್ಟಳು. ಮೂರು ಬಾಣದ ಹಾಗೆ ಹೋದವು. ನಾಲ್ಕನೆಯದು ಅವಳ ಅಂಗೈ ಮೇಲೆ ತುಸು ಹೊತ್ತು ಯೋಚಿಸುವಂತೆ ನಿಂತು, ಆಮೇಲೆ ಹೋಯಿತು.

ಮನೆಗೆ ಹೋಗುವಾಗ ಟ್ರಕ್ಕಿನಲ್ಲಿ ಅವಳೇ ಬಾಯಿಬಿಟ್ಟಳು. "ಸಿಗಲಿಲ್ಲ ಅಂತ ಯಾಕಂದೆ? ಬಿಟ್ವಿ ಅನ್ನೋಕೆ ಅಷ್ಟು ನಾಚಿಕೆಯಾ?"

ಅವನು ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಬಿಟ್ವಿ ಅಂದಿದ್ರೆ ಎಷ್ಟಿತ್ತು ಅಂತ ಕೇಳ್ತಿದ್ರು. ಹೇಳಿದ್ರೆ ನಗ್ತಿದ್ರು. ಇನ್ನು ಹತ್ತು ವರ್ಷ ಬಾರಿನಲ್ಲಿ ಅದನ್ನೇ ಆಡ್ಕೊಂಡು ಕುಡೀತಿದ್ರು." ಸ್ವಲ್ಪ ದೂರ ಹೋದಮೇಲೆ ಮತ್ತೆ ಹೇಳಿದ, "ಆ ಮೀನನ್ನ ಅವರ ಬಾಯಿಗೆ ಕೊಡೋಕೆ ಮನಸ್ಸು ಬರಲಿಲ್ಲ."

ಲೊರೇನ್ ಮಣಿಕಟ್ಟು ಉಜ್ಜಿಕೊಂಡಳು. ಬೆರಳಿನ ಗುರುತು ಕೆಂಪಗೆ ಮೂಡಿತ್ತು. ಅವನು ಅದನ್ನು ನೋಡಿದ.

"ಏಳು ಪೌಂಡು ಇತ್ತು ಅಲ್ವಾ?" ಅಂದಳು ಅವಳು.

"ಏಳೂಕಾಲು," ಅಂದ ಡ್ವೈಟ್. "ಇಷ್ಟುದ್ದ." ಸ್ಟೇರಿಂಗ್ ಬಿಟ್ಟು ಎರಡೂ ಕೈ ಅಗಲಿಸಿ ತೋರಿಸಿದ.

"ಸ್ಟೇರಿಂಗ್ ಹಿಡ್ಕೋ ಮಾರಾಯ," ಅಂದಳು ಲೊರೇನ್.