ತಕ್ಕಡಿಯವರ ಮನೆಗೆ ಬಂದ ಕಂಪ್ಯೂಟರು

ಈ ಸಂಗತಿಯನ್ನು ನಾನು ಇಬ್ಬರಿಂದ ಕೇಳಿದ್ದೇನೆ. ಒಬ್ಬರು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೆಲಸ ಮಾಡಿದವರು, ಇನ್ನೊಬ್ಬರು ಕಂಪ್ಯೂಟರ್ ಅಂಗಡಿಯ ಮಾರಾಟಗಾರ್ತಿ. ಕಂಪ್ಯೂಟರಿನ ತೂಕ ಆರು ಕಿಲೋ ಎಂದು ಒಬ್ಬರು, ಏಳು ಎಂದು ಇನ್ನೊಬ್ಬರು ಹೇಳುತ್ತಾರೆ. ಉಳಿದಂತೆ ಇಬ್ಬರ ಮಾತೂ ಒಂದೇ.

ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರೊಬ್ಬರನ್ನು ಬೀದಿಯವರೆಲ್ಲ ತಕ್ಕಡಿಯವರು ಎಂದೇ ಕರೆಯುತ್ತಿದ್ದರು. ಅವರ ಮನೆಯಲ್ಲೊಂದು ಕಟ್ಟಳೆಯಿತ್ತು. ದೊಡ್ಡ ವಸ್ತು ಯಾವುದನ್ನೇ ಕೊಳ್ಳುವ ಮುನ್ನ ಎರಡು ಬಗೆಗಳನ್ನು ಎದುರುಬದುರು ಬರೆದು ತೂಗಬೇಕು. ಮನೆಯ ಪ್ರತಿಯೊಬ್ಬರೂ ಒಂದೊಂದು ಸಾಲು ಸೇರಿಸಬಹುದು, ಆದರೆ ಸಾಲಿನಲ್ಲಿ ಅಂಕಿ ಇರಲೇಬೇಕು. ಅಂಕಿಯಿಲ್ಲದ್ದು ಬರೀ ಮಾತು, ಅದನ್ನು ಹೊಡೆದುಹಾಕಲಾಗುತ್ತಿತ್ತು. “ಈ ಮನೆಗೆ ಅಳೆಯದೆ ತಂದಿದ್ದು ಸೊಸೆಯನ್ನ ಮಾತ್ರ, ಅದೊಂದೇ ಸರಿಯಾಗಿ ಬಂತು,” ಎಂದು ಅವರ ಹೆಂಡತಿ ನಗುತ್ತಿದ್ದರು.

ಆ ಸೊಸೆ ದಾಖಲೆ ಕೋಣೆಯ ಬೆರಳಚ್ಚುಗಾರ್ತಿ. ವೈದ್ಯರು ಧ್ವನಿಯಲ್ಲಿ ಹೇಳಿಟ್ಟ ರೋಗಿಗಳ ವಿವರವನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಒಂಬತ್ತು ವರ್ಷ ಎಂಟೂವರೆಯ ಬಸ್ಸು ಹತ್ತಿದವಳು. ಈಗ ಆ ಕೋಣೆ ಎಕ್ಸ್‌ರೇ ಯಂತ್ರಕ್ಕೆ ಬೇಕಾಗಿ, ಎಲ್ಲರೂ ಸ್ವಂತ ಕಂಪ್ಯೂಟರು ಕೊಂಡು ಆಸ್ಪತ್ರೆಯ ಹೊರಗಿನಿಂದಲೇ ಕೆಲಸ ಮಾಡಬೇಕೆಂಬ ಆದೇಶ ಬಂತು. ಜೊತೆಯ ಮೂವರು ಹೆಂಗಸರು ದರ್ಜಿ ಅಂಗಡಿಯ ಮೇಲೊಂದು ಕೋಣೆ ಹಿಡಿದರು. ಸಂಜೆ ಅಲ್ಲಿ ಪಾಠ ನಡೆಯುತ್ತಿದ್ದುದರಿಂದ ಕಂಪ್ಯೂಟರನ್ನು ದಿನವೂ ಹೊತ್ತು ತಂದು ಹೊತ್ತು ಒಯ್ಯಬೇಕಿತ್ತು. “ನಾಲ್ಕನೇ ಕುರ್ಚಿ ನಿನಗೇ ಕಣೆ. ಶನಿವಾರದೊಳಗೆ ಹೇಳಿಬಿಡು,” ಎಂದಿದ್ದರು.

ಅವಳಿಗೆ ಆ ಕುರ್ಚಿ ಬೇಕಿತ್ತು. ಮನೆಯಲ್ಲಿ ಜಗಳವೇನೂ ಇರಲಿಲ್ಲ. ಕಿಟಕಿಯ ಬಳಿ ನಿಂತರೆ “ಏನಮ್ಮಾ ನೋಡ್ತಿದ್ದೀಯ?” ಎನ್ನುವರು, ಸುಮ್ಮನೆ ಕೂತರೆ “ತಲೆನೋವಾ?” ಎಂದು ಹಣೆ ಮುಟ್ಟುವರು. ಆದೇಶದ ಸುದ್ದಿ ಕೇಳಿದ ಸಂಜೆ ಅತ್ತೆ ಸಂತೋಷಕ್ಕೆ ಕಣ್ಣೊರೆಸಿಕೊಂಡು, “ಇನ್ನು ಇಡೀ ದಿನ ನಮ್ಮ ಕಣ್ಣೆದುರಿಗೇ ಇರ್ತೀಯ” ಎಂದುಬಿಟ್ಟರು. ಆ ಕಣ್ಣೀರಿನ ಮುಂದೆ ಹೊರಗೆ ಹೋಗುತ್ತೇನೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಅಂಗಡಿಗೆ ಅತ್ತೆ, ಮಾವ, ಗಂಡ, ಅವಳು, ನಾಲ್ವರೂ ಹೋದರು. ಒಂದು ಕಡೆ ಹದಿನೈದು ಇಂಚಿನ ಲ್ಯಾಪ್‌ಟಾಪು, ಇನ್ನೊಂದು ಕಡೆ ಪರದೆಯ ಬೆನ್ನಲ್ಲೇ ಇಡೀ ಯಂತ್ರವನ್ನು ಅಡಗಿಸಿಕೊಂಡ ಆಲ್-ಇನ್-ಒನ್. ತಕ್ಕಡಿಯವರು ಜೇಬಿನಿಂದ ಉಕ್ಕಿನ ಟೇಪು ತೆಗೆದು ದೊಡ್ಡ ಪರದೆಯನ್ನು ಮೂಲೆಯಿಂದ ಮೂಲೆಗೆ ಅಳೆದರು.

“ಇಪ್ಪತ್ಮೂರು ಮುಕ್ಕಾಲು. ಡಬ್ಬದ ಮೇಲೆ ಇಪ್ಪತ್ನಾಲ್ಕು ಅಂತಿದೆ. ಕಾಲಿಂಚು ಯಾರ ಮನೆಗೆ ಹೋಯ್ತಮ್ಮಾ?”

“ಸರ್, ಇದುವರೆಗೂ ಯಾರೂ ಅಳೆದಿರಲಿಲ್ಲ,” ಎಂದಳು ಮಾರಾಟಗಾರ್ತಿ.

“ಅದಕ್ಕೇ ಹೋಗಿದೆ.”

ಬೆಲೆ ಹೆಚ್ಚುಕಡಿಮೆ ಒಂದೇ. ಅಷ್ಟೇ ಬೆಲೆಗೆ ಆಲ್-ಇನ್-ಒನ್‌ನಲ್ಲಿ ಮೆಮೊರಿ ಎರಡರಷ್ಟು. ಕನ್ನಡಕದ ಅಂಗಡಿಯಲ್ಲಿ ಗಾಜಿಗೆ ಸಾಣೆ ಹಿಡಿಯುವ ಗಂಡ ಲ್ಯಾಪ್‌ಟಾಪಿನತ್ತ ಬಗ್ಗಿ ನೋಡಿ, “ಇದರಲ್ಲಿ ದಿನಕ್ಕೆ ಎಂಟು ಗಂಟೆನಾ? ಇನ್ನೊಂದು ವರ್ಷಕ್ಕೆ ನೀನೇ ನನ್ನ ಗಿರಾಕಿ ಕಣೆ,” ಎಂದ.

“ಮೇಡಂ, ಕೆಲಸ ಮಾಡೋರು ನೀವಲ್ವಾ? ನಿಮಗೆ ಯಾವುದು ಬೇಕು?” ಎಂದು ಮಾರಾಟಗಾರ್ತಿ ಕೇಳಿದಳು.

“ಅವಳಿಗೇನಮ್ಮಾ, ಚಿನ್ನದಂಥ ಹುಡುಗಿ, ಯಾವುದಾದ್ರೂ ಸರಿ ಅಂತಾಳೆ,” ಎಂದರು ಅತ್ತೆ.

ಸೊಸೆ ಲ್ಯಾಪ್‌ಟಾಪಿನ ಮುಚ್ಚಳದ ಮೇಲಿಟ್ಟ ಕೈಯನ್ನು ಹೊರಡುವವರೆಗೂ ತೆಗೆಯಲಿಲ್ಲವೆಂದು ಮಾರಾಟಗಾರ್ತಿ ನೆನೆಯುತ್ತಾಳೆ.

ಅಂದೇ ಸಂಜೆ ನಡುಮನೆಯಲ್ಲಿ ತೂಗಾಟ ನಡೆಯಿತು. ಪರದೆ, ಮೆಮೊರಿ, ಕೀಲಿಮಣೆಯ ಅಗಲ, ಕುತ್ತಿಗೆ ಬಾಗುವ ಕೋನ ಎಲ್ಲ ಮುಗಿದು ಅವಳ ಸರದಿ ಬಂತು.

“ತೂಕ, ಮಾವ. ಅದು ಆರು ಕಿಲೋ, ಇದು ಒಂದೂವರೆ.”

“ಭೇಷ್!” ತಕ್ಕಡಿಯವರು ಬರೆದುಕೊಂಡರು. ಆಮೇಲೆ ಪೆನ್ನು ನಿಂತಿತು. “ಆದ್ರೆ ಒಂದ್ಸಲ ಇಟ್ಟ ಮೇಲೆ ಎತ್ತೋರು ಯಾರು?”

“ನಾನೇ.”

“ಎಲ್ಲಿಗೆ?”

ಬಟ್ಟೆ ಮಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ಅವಳು ಆ ಕೈಯನ್ನೊಮ್ಮೆ ನೋಡಿದಳು.

“ಮಹಡಿಗೆ,” ಎಂದಳು.

“ಹದಿನಾಲ್ಕೇ ಮೆಟ್ಟಿಲು. ನಾನೇ ಎತ್ತಿಕೊಡ್ತೀನಿ ಬಿಡಮ್ಮಾ,” ಎಂದು ಅವರು ಲ್ಯಾಪ್‌ಟಾಪಿಗೆ ನ್ಯಾಯವಾಗಿ ಒಂದು ಅಂಕ ಕೊಟ್ಟರು. ಮೊತ್ತ ಹನ್ನೊಂದಕ್ಕೆ ಮೂರು.

ಶುಕ್ರವಾರ ಆಲ್-ಇನ್-ಒನ್ ಬಂದು ನಡುಮನೆಯ ಮೇಜಿನ ಮೇಲೆ ಕೂತಿತು. ಅವಳ ಬಳಿ ಕೊನೆಯದೊಂದು ಉಪಾಯ ಉಳಿದಿತ್ತು. ಆಸ್ಪತ್ರೆಗೆ ಸಹಿ ಹಾಕಿಕೊಟ್ಟ ಕಾಗದವನ್ನು ತಂದು ಮಾವನ ಮುಂದಿಟ್ಟಳು: ರೋಗಿಗಳ ವಿವರ ಮನೆಯವರ ಕಣ್ಣಿಗೂ ಬೀಳಕೂಡದು.

“ಇಷ್ಟು ದೊಡ್ಡ ಪರದೆ, ಅದೂ ನಡುಮನೆಯಲ್ಲಿ, ಎಲ್ಲರಿಗೂ ಕಾಣುತ್ತೆ ಮಾವ. ವಾಪಸ್ ಕೊಟ್ಟು ಚಿಕ್ಕದು ತರೋಣ.”

ತಕ್ಕಡಿಯವರು ಕಾಗದವನ್ನು ಎರಡು ಸಲ ಓದಿದರು. ನಿಯಮವೆಂದರೆ ಪ್ರಾಣ ಬಿಡುವ ಮನುಷ್ಯ. ಎದ್ದು, ಮೂರು ಕುರ್ಚಿಗಳನ್ನು ಎಳೆದು ಗೋಡೆಯ ಕಡೆಗೆ ತಿರುಗಿಸಿದರು.

“ಒಂಬತ್ತರಿಂದ ಐದರವರೆಗೆ ಯಾರೂ ಆ ಕಡೆ ನೋಡೋ ಹಾಗಿಲ್ಲ.”

“ನೀವು ಒಳಗೆ ಕೂತ್ಕೊಳ್ಳಬಹುದಲ್ವಾ?” ಅವಳು ಮೆಲ್ಲಗೆ ಕೇಳಿದಳು.

“ನಿನ್ನೊಬ್ಬಳನ್ನೇ ಬಿಟ್ಟಾ? ಛೆ, ಛೆ!” ಎಂದರು ಅತ್ತೆ. “ಮೂವತ್ತೆಂಟು ವರ್ಷ ಇವರ ಮುಖ ನೋಡಿದ್ದೀನಿ. ಇನ್ನು ಗೋಡೆ ನೋಡ್ತೀನಿ. ಅಂಥ ವ್ಯತ್ಯಾಸವೇನಿಲ್ಲ.”

ಟೈಪ್ ಮಾಡುವಾಗ ಕೇಳಿದ್ದನ್ನು ಬಾಯಲ್ಲಿ ಹೇಳಿಕೊಳ್ಳುವುದು ಅವಳ ಅಭ್ಯಾಸ. ಅದಕ್ಕೂ ತಕ್ಕಡಿಯವರು ಒಂದು ನಿಯಮ ಮಾಡಿದರು: ಆ ಹೊತ್ತಿನಲ್ಲಿ ಅವಳ ಬಾಯಿಂದ ಬಂದದ್ದೆಲ್ಲ ರೋಗಿಯ ಮಾತು, ಯಾರೂ ಕೇಳಿಸಿಕೊಳ್ಳಬಾರದು.

ಶನಿವಾರ ಗಂಡನಿಗೆ ರಜೆ. ಮೂವರೂ ಗೋಡೆಗೆ ಮುಖ ಮಾಡಿ, ಕೆಮ್ಮು ಬಂದರೂ ಅದುಮಿಕೊಂಡು ಕೂತರು. ಹನ್ನೊಂದರ ಸುಮಾರಿಗೆ ಫೋನಿಗೊಂದು ಸಂದೇಶ ಬಂತು: “ಬರ್ತೀಯೋ ಇಲ್ವೋ? ಕುರ್ಚಿಗೆ ಬೇರೆಯವರು ಕೇಳ್ತಿದ್ದಾರೆ.”

ಅವಳು ಹೆಡ್‌ಫೋನ್ ತೆಗೆದಿಟ್ಟು ಮೂರು ಬೆನ್ನುಗಳನ್ನು ನೋಡಿದಳು. ನೊಂದುಕೊಳ್ಳುವ ಮುಖ ಒಂದೂ ಎದುರಿಗಿರಲಿಲ್ಲ. ಇಷ್ಟು ದಿನ ಬಾರದ ಮಾತು ತಾನಾಗಿ ಹೊರಬಂತು.

“ಇವರೆಲ್ಲ ಒಳ್ಳೆಯವರೇ. ಆದ್ರೂ ಇಡೀ ದಿನ ಈ ಮನೆಯೊಳಗೇ ಇದ್ರೆ ನನಗೆ ಉಸಿರು ಕಟ್ಟುತ್ತೆ. ನಾನು ಹೊರಗೆ ಹೋಗ್ಬೇಕು.”

ಅತ್ತೆಯ ಭುಜ ಸಣ್ಣಗೆ ಅಲುಗಿತು. “ಅಯ್ಯೋ, ಯಾರ ಮನೆ ಮಗಳೋ ಪಾಪ...”

“ಶ್! ರೋಗಿ ಮಾತು,” ಎಂದು ತಕ್ಕಡಿಯವರು ಎರಡೂ ಕಿವಿಗೆ ಬೆರಳಿಟ್ಟುಕೊಂಡರು. ಅವರನ್ನು ನೋಡಿ ಅತ್ತೆಯೂ, ಗಂಡನೂ ಹಾಗೆಯೇ ಮಾಡಿದರು.

ಅವಳು ಅದನ್ನೇ ಇನ್ನೊಮ್ಮೆ, ಜೋರಾಗಿ ಹೇಳಿದಳು. ಮೂರು ಬೆನ್ನುಗಳೂ ಇನ್ನಷ್ಟು ನೆಟ್ಟಗಾದವು.

ಕುರ್ಚಿಯನ್ನು ಬೇರೆಯವರಿಗೆ ಕೊಡಿ ಎಂದು ಅವಳು ಬರೆದ ಉತ್ತರ ದಾಖಲೆ ಕೋಣೆಯ ಗೆಳತಿಯ ಫೋನಿನಲ್ಲಿ ಇನ್ನೂ ಇದೆ. ಅಂದು ಐದು ಗಂಟೆಯವರೆಗೆ ಆ ಮನೆಯಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.