ಕರೆ ಬಾರದ ದಿನವೂ ದಣಿವೇ

ನಾಗ್ಪುರದ ರೈಲ್ವೆ ಕ್ವಾರ್ಟರ್ಸ್‌ನಲ್ಲಿರುವ ಸೌಜನ್ಯಾ, ಅಲ್ಲಿನ ಸೀತಾಬರ್ಡಿ ಮಾರುಕಟ್ಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನಾ ಅಲ್ಲ. ಬೆಳಿಗ್ಗೆ ಮಾಲೀಕರ ಫೋನ್ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಕೆಲಸಕ್ಕೆ ಹೋದ ದಿನ ಸಂಜೆಯವರೆಗೂ ನಿಂತೇ ಇರಬೇಕು, ಗಿರಾಕಿ ಬೈದರೂ ನಗಬೇಕು. ಹೋಗಲಿ, ಫೋನ್ ಬಾರದ ದಿನವಾದರೂ ಆರಾಮವೇ? ಎಲ್ಲಿಯ ಆರಾಮ!

ಆ ಶನಿವಾರ ಫೋನ್ ಬರಲಿಲ್ಲ. ಸೌಜನ್ಯಾ ತಲೆ ಬಾಚಿ, ಸೀರೆಗೆ ಪಿನ್ ಹಾಕಿಕೊಂಡು ಮೊಬೈಲ್ ಹಿಡಿದು ಕೂತೇ ಇದ್ದಳು. ತಿಂಡಿ ಮುಟ್ಟಿರಲಿಲ್ಲ. ಮಗಳು ತನ್ವಿ "ಮಮ್ಮಿ, ಆಟಕ್ಕ ಬಾ" ಎಂದು ಸೆರಗು ಎಳೆದದ್ದೇ ತಡ, ಫಟ್ಟನೆ ಹೊಡೆದುಬಿಟ್ಟಳು. ಮರುಕ್ಷಣ ತಾನೇ ಅಳತೊಡಗಿದಳು. ಪಾಪ, ಕೂಸು ಕಕ್ಕಾಬಿಕ್ಕಿಯಾಯಿತು.

ಅತ್ತೆ ಕಲಾವತಿಗೆ ರೇಗಿತು. "ಕರೀಲಿಲ್ಲಂದ್ರ ಚಲೋ ಆತಂತ ಕಾಲು ಚಾಚಬೇಕು. ಇದಕ್ಕೂ ಅಳೋದಾ? ಬಿಟ್ಟಬಿಡು ಆ ಕೆಲಸ!"

"ಕೆಲಸ ಬೇಕ್ರಿ ಅತ್ತಿ. ಸೀರಿ ತೋರ್ಸೋದಂದ್ರ ನನಗ ಭಾಳ ಇಷ್ಟ. ಆದ್ರ ಈಗ ಕರೀತಾರು, ಆಗ ಕರೀತಾರು ಅಂತ ಎದಿ ಡವಡವ ಅಂತೈತಿ. ನಿದ್ದಿನೂ ಬರವಲ್ದು."

ಗದ್ದಲ ಕೇಳಿ ಪಕ್ಕದ ಮನೆಯ ನರ್ಸ್ ಕೃಷ್ಣವೇಣಿ ಬಂದಳು. "ಕಾಕು, ಇದು ಮನಸ್ಸಿನ ದಣಿವು ರೀ."

"ನನ್ನ ಸೊಸಿಗೆ ಹುಚ್ಚು ಹಿಡದೈತಿ ಅಂತೀಯೇನು?"

"ಛೇ ಛೇ, ಬಿಡ್ತು ಅನ್ರಿ! ಹೋದ ವರ್ಷ ನಿಮ್ಮ ಮಗನ ಆಪರೇಶನ್ ಆದಾಗ ನೀವು ದವಾಖಾನಿ ಹೊರಗ ಸುಮ್ನ ಕುಂತಿದ್ರಿ. ಒಂದು ಕಡ್ಡಿನೂ ಎತ್ತಿರಲಿಲ್ಲ. ಸಂಜಿಕ ಮೈಯಾಗ ತ್ರಾಣ ಇತ್ತೇನು?"

"ಎಲ್ಲಿದು? ಬಂದವರಿಗೆಲ್ಲಾ ಬೈದೆ ಅವತ್ತು."

"ನಿಮಗ ಒಂದ ದಿನ ಹಂಗಾತು. ಈಕಿಗೆ ದಿನಾ ಹಂಗ."

ಕಲಾವತಿ ಎದ್ದು ಹೋಗಿ ಅವಲಕ್ಕಿ ತಂದಳು. ಸೊಸೆಯ ಕೈಯಿಂದ ಮೊಬೈಲ್ ತೆಗೆದುಕೊಂಡು, "ಮೊದಲ ತಿನ್ನು. ಫೋನ್ ಬಂದ್ರ ನಾ ಹೇಳ್ತೀನಿ" ಎಂದಳು.

ಆಮೇಲೆ ಕೃಷ್ಣವೇಣಿ ಮನಸ್ಸಿನ ಕಷ್ಟ ಕೇಳುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರು ಕೊಟ್ಟಳು: 14416. "ಪುಕಟ್ ಐತಿ, ಕನ್ನಡದಾಗೂ ಮಾತಾಡಬಹುದು." ಅಂಗಡಿಯಲ್ಲಿ ದಿನವಿಡೀ ಹಿಂದಿ, ಮರಾಠಿ ಆಡುತ್ತಾ ನಗುತ್ತಿದ್ದ ಸೌಜನ್ಯಾ ಅಂದು ಆ ನಂಬರಿಗೆ ಫೋನ್ ಮಾಡಿ ಕನ್ನಡದಲ್ಲಿ ಮನಸಾರೆ ಮಾತಾಡಿದಳು. ಮನಸ್ಸು ಹಗುರಾಯಿತು.

ಮರುವಾರ ಅಂಗಡಿಯ ಹೆಂಗಸರೆಲ್ಲ ಒಟ್ಟಾಗಿ ಮಾಲೀಕರನ್ನು ಕೇಳಿದರು: "ನಾಳೆ ಯಾರಿಗೆ ಪಾಳಿ ಅಂತ ಇವತ್ತೇ ಹೇಳಿ." ಅವರು ಗೊಣಗಿದರು, ಆದರೆ ಒಪ್ಪಿದರು. ಕೂರಲು ಸ್ಟೂಲ್ ಕೂಡ ಕೇಳಿದ್ದಾರೆ, ಅದಿನ್ನೂ ಬಂದಿಲ್ಲ. ಕೇಳುವುದನ್ನು ಅವರು ಬಿಟ್ಟಿಲ್ಲ. ಈಗ ಪಾಳಿ ಇಲ್ಲದ ದಿನ ಸೌಜನ್ಯಾ ಮಗಳ ಜೊತೆ ಕುಂಟೆಬಿಲ್ಲೆ ಆಡುತ್ತಾಳೆ.

ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಅಂಗಡಿ ಕೆಲಸಕ್ಕೆ ಹೋಗುವವರು ಇರಬಹುದು. ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಸಿಟ್ಟು ಹೆಚ್ಚಾದರೆ ಅದು ಸೊಕ್ಕಲ್ಲ, ಹುಚ್ಚೂ ಅಲ್ಲ. 14416ಕ್ಕೆ ಫೋನ್ ಮಾಡಿಸಿ, ಹಗಲು ರಾತ್ರಿ ಯಾವಾಗಲಾದರೂ. ಅದಕ್ಕೂ ಮೊದಲು, ಇವತ್ತು ಅವರು ಮನೆಗೆ ಬಂದಾಗ "ಅಡುಗೆ ಏನು?" ಎನ್ನಬೇಡಿ. "ದಿನ ಹೆಂಗ ಹೋತು?" ಎಂದು ಕೇಳಿ. ಅವರು ಹೇಳಿ ಮುಗಿಸುವ ತನಕ ಎದ್ದು ಹೋಗಬೇಡಿ.